ಬೀಗ ಹಾಕಿದ ಬೆಳಕು

ಎರಡು ವರ್ಷಗಳಿಗೊಮ್ಮೆ ಸೇರುವ ನಮ್ಮ ಈ ಸಮ್ಮೇಳನಕ್ಕೆ ವಿಮಾನವೇರಿ ಬರುವ ಪ್ರತಿನಿಧಿಗಳಿರುವಂತೆ ಕಾರಿನಲ್ಲಿ ಬರುವವರೂ ಅನೇಕರಿದ್ದಾರೆ. ಸಂಜೆ ಕಚೇರಿಯಿಂದ ಹಿಂದಿರುಗಿ, ಬುತ್ತಿ ಕಟ್ಟಿಕೊಂಡು, ಮಕ್ಕಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ, ರಾತ್ರಿಯಿಡೀ ಹೆದ್ದಾರಿಯಲ್ಲಿ ಸಾಗಿ ಬರುವ ಸಂಸಾರಗಳು ಪ್ರತಿ ಸಮ್ಮೇಳನದಲ್ಲೂ ಕಾಣಸಿಗುತ್ತವೆ. ಅಂಥವರ ಕಾರುಗಳಲ್ಲಿ ಕೆಲವು ಜರ್ಮನ್ ಕಂಪನಿಗಳವು. ಆ ಕೆಲವುಗಳ ಮುಂದೀಪಗಳಲ್ಲಿ ಒಂದು ವಿಶೇಷ ಶಕ್ತಿ ಅಡಗಿದೆ. ಅದು ಇದೆಯೆಂಬುದು ಬಹುಮಟ್ಟಿಗೆ ಕಾರಿನ ಒಡೆಯರಿಗೇ ತಿಳಿದಿರುವುದಿಲ್ಲ. ಎದುರಿನಿಂದ ವಾಹನವೊಂದು ಬಂದಾಗ ಅದರ ಸುತ್ತ ಮಾತ್ರ ಬೆಳಕನ್ನು ಮರೆಮಾಡಿ, ಉಳಿದ ರಸ್ತೆಗೆಲ್ಲ ಪೂರ್ಣಪ್ರಕಾಶವನ್ನು ಚೆಲ್ಲುವ ಶಕ್ತಿ ಅದು. ಅದೇ ಕಾರು ಮ್ಯೂನಿಕ್ ನಗರದಲ್ಲಿ ಮಾರಾಟವಾದರೆ ಆ ಶಕ್ತಿ ಎಚ್ಚರವಾಗಿರುತ್ತದೆ. ಷಿಕಾಗೋ ನಗರದಲ್ಲಿ ಮಾರಾಟವಾದರೆ ನಿದ್ರಿಸುತ್ತಿರುತ್ತದೆ.

ಈ ನಿದ್ರೆಯನ್ನು ಕಳೆಯಲು ಕೆಲವರು ಒಂದು ಲ್ಯಾಪ್‌ಟಾಪನ್ನೂ ಒಂದು ಕೇಬಲನ್ನೂ ಹಿಡಿದು ಕಾರಿನೊಳಗೆ ಕುಳಿತು, ತಂತ್ರಾಂಶದ ಒಂದೆರಡು ಅಂಕಿಗಳನ್ನು ಬದಲಿಸುತ್ತಾರೆ. ಇದಕ್ಕೆ 'ಕೋಡಿಂಗ್' ಎಂಬ ಹೆಸರು ರೂಢಿಗೆ ಬಂದಿದೆ. ನಾನು ಕಾನೂನು ಓದಿದವನಲ್ಲ. ಡೆಟ್ರಾಯಿಟ್ ಸುತ್ತಮುತ್ತ ವಾಹನಗಳ ವಿದ್ಯುನ್ಮಾನ ವಿಭಾಗಗಳಲ್ಲಿ ದುಡಿಯುತ್ತ ಎರಡು ದಶಕಗಳಿಗೂ ಹೆಚ್ಚು ಕಾಲವನ್ನು ಕಳೆದವನು. ಆದರೆ ಈ ಅಂಕಿಗಳನ್ನು ಅಲ್ಲಿ ಮೊದಲು ಇಟ್ಟವರು ಯಾರು, ಯಾತಕ್ಕಾಗಿ ಇಟ್ಟರು ಎಂಬ ಪ್ರಶ್ನೆಯ ಬೆನ್ನು ಹತ್ತಿದಾಗ ದೊರೆತ ಉತ್ತರ ತಂತ್ರಜ್ಞಾನಕ್ಕೆ ಸೇರಿದುದಾಗಿರಲಿಲ್ಲ, ಚರಿತ್ರೆಗೆ ಸೇರಿದುದಾಗಿತ್ತು. ಅದು 1940ರಷ್ಟು ಹಿಂದಕ್ಕೆ ಹೋಗುತ್ತದೆ.

ಮೊಟ್ಟಮೊದಲ ಮೋಟಾರು ಕಾರುಗಳು ರಾತ್ರಿಯ ಸಂಚಾರಕ್ಕೆಂದು ಹುಟ್ಟಿದವಲ್ಲ. ಅವುಗಳಿಗೆ ಕಟ್ಟಿದ್ದು ಕುದುರೆಗಾಡಿಯ ಲಾಂದ್ರಗಳನ್ನೇ. ಆಮೇಲೆ ಬಂದದ್ದು ಕಾರ್ಬೈಡಿಗೆ ನೀರು ಹನಿಸಿ ಹೊರಡಿಸಿದ ಅಸಿಟಿಲೀನ್ ಅನಿಲದ ದೀಪ. ಹಿಂದೆ ನಮ್ಮ ಜಾತ್ರೆಯ ಅಂಗಡಿಗಳ ಮುಂದೆ ವಾಸನೆ ಬೀರುತ್ತ ಉರಿಯುತ್ತಿದ್ದ ದೀಪದ ಬಳಗಕ್ಕೆ ಸೇರಿದ್ದು. 1912ರ ಕ್ಯಾಡಿಲ್ಯಾಕ್ ಕಾರು ವಿದ್ಯುತ್ತಿನಿಂದ ಎಂಜಿನನ್ನು ಚಾಲೂ ಮಾಡುವ ಸಾಧನದೊಂದಿಗೆ ವಿದ್ಯುದ್ದೀಪವನ್ನೂ ತಂದಿತು. ದೀಪ ಪ್ರಖರವಾದ ಕೂಡಲೇ ಅದರ ಬೆನ್ನಿಗೇ ಒಂದು ಜಗಳವೂ ಹುಟ್ಟಿತು: ನನಗೆ ದಾರಿ ಕಾಣಿಸುವ ಬೆಳಕೇ ಎದುರಿನವನನ್ನು ಕುರುಡನನ್ನಾಗಿ ಮಾಡುತ್ತದೆ. ಹೆಡ್‌ಲೈಟಿನ ನೂರು ವರ್ಷದ ಚರಿತ್ರೆಯೆಲ್ಲ ಈ ಒಂದು ಜಗಳದ ರಾಜಿ ಪಂಚಾಯಿತಿಯೆಂದರೆ ತಪ್ಪಾಗಲಾರದು. 1920ರ ದಶಕದಲ್ಲಿ ಒಂದೇ ಬಲ್ಬಿನಲ್ಲಿ ಎರಡು ತಂತುಗಳನ್ನು ಇಟ್ಟು, ದೂರಕ್ಕೊಂದು ಹತ್ತಿರಕ್ಕೊಂದು ಎಂದು ಬೆಳಕನ್ನು ಎರಡಾಗಿ ಹಂಚಿದರು. ಬ್ರೈಟ್ ಮತ್ತು ಡಿಮ್ ಎಂಬ ಎರಡೇ ಸ್ಥಿತಿಗಳ ಲೋಕ ಅಲ್ಲಿಂದ ಆರಂಭವಾಯಿತು. ಅಂಬಾಸಿಡರ್ ಕಾರನ್ನು ಓಡಿಸಿದವರಿಗೆ ಎಡಗಾಲಿನಿಂದ ಒತ್ತುತ್ತಿದ್ದ ಡಿಪ್ಪರ್ ಗುಂಡಿ ನೆನಪಿರಬೇಕು. ಲಾರಿಗಳ ಹಿಂಬದಿಯಲ್ಲಿ ರಾತ್ರಿ ಡಿಪ್ಪರ್ ಬಳಸಿರೆಂಬ ಬರಹವನ್ನೂ, ಹೆಡ್‌ಲೈಟಿನ ಗಾಜಿಗೆ ಬಳಿದ ಕಪ್ಪು ಬಣ್ಣದ ಪಟ್ಟಿಯನ್ನೂ ನೋಡದೆ ಕರ್ನಾಟಕದಲ್ಲಿ ಬೆಳೆದವರು ವಿರಳ. ಆ ಕಪ್ಪು ಬಣ್ಣವೂ ಮೇಲೆ ಹೇಳಿದ ಪಂಚಾಯಿತಿಯ ಒಂದು ತೀರ್ಪೇ. ಅಗ್ಗದ ತೀರ್ಪು, ಅಷ್ಟೆ.

ಅಮೆರಿಕದಲ್ಲಿ ಈ ಪಂಚಾಯಿತಿಗೆ ಒಂದು ಖಚಿತ ತೀರ್ಮಾನ ದೊರೆತದ್ದು 1940ರ ಮಾದರಿಯ ಕಾರುಗಳೊಂದಿಗೆ. ಅಲ್ಲಿಯವರೆಗೆ ಒಂದೊಂದು ರಾಜ್ಯಕ್ಕೆ ಒಂದೊಂದು ನಿಯಮವಿತ್ತು. ದೀಪದೊಳಗಿನ ಪ್ರತಿಫಲಕಕ್ಕೆ ತೇವ ತಗುಲಿ ತುಕ್ಕು ಹಿಡಿಯುತ್ತಿತ್ತು. ಬಲ್ಬು ಬದಲಿಸಿದರೆ ಬೆಳಕಿನ ಗುರಿ ತಪ್ಪುತ್ತಿತ್ತು. ಇದಕ್ಕೆಲ್ಲ ಪರಿಹಾರವಾಗಿ ಬಂದದ್ದು 'ಸೀಲ್ಡ್ ಬೀಮ್'. ತಂತು, ಪ್ರತಿಫಲಕ, ಮುಂದಿನ ಗಾಜು ಮೂರನ್ನೂ ಒಂದೇ ಗಾಜಿನ ಬುರುಡೆಯಾಗಿ ಬೆಸೆದು, ಏಳು ಅಂಗುಲ ವ್ಯಾಸದ ದುಂಡು ದೀಪವನ್ನಾಗಿ ಮಾಡಿದರು. ಎಲ್ಲ ಕಂಪನಿಗಳ ಎಲ್ಲ ಕಾರುಗಳಿಗೂ ಅಂಥ ಎರಡೇ ದೀಪ. ಸುಟ್ಟುಹೋದರೆ ಇಡೀ ದೀಪವನ್ನೇ ತೆಗೆದು ಹೊಸದನ್ನು ಕೂರಿಸುವುದು. ಅಯೋವಾದ ಒಂದು ಕುಗ್ರಾಮದ ಅಂಗಡಿಯಲ್ಲೂ ಅದು ಸಿಗುತ್ತಿತ್ತು. ಇದನ್ನು ಹಳೆಯ ಕಾಲದ ಮೊಂಡುತನವೆಂದು ಲೇವಡಿ ಮಾಡುವವರಿದ್ದಾರೆ. ನಾನು ಆ ಸಾಲಿಗೆ ಸೇರಲಾರೆ. ಬಡವನ ಹಳೆಯ ಫೋರ್ಡಿಗೂ ಸಿರಿವಂತನ ಕ್ಯಾಡಿಲ್ಯಾಕಿಗೂ ಒಂದೇ ಬೆಳಕು, ಹೊಸ ಬುರುಡೆ ಹಾಕಿದ ದಿನ ಮೊದಲ ದಿನದಷ್ಟೇ ಬೆಳಕು. ಅದು ತನ್ನ ಕಾಲಕ್ಕೆ ನಿಜವಾಗಿಯೂ ಒಳ್ಳೆಯ ತೀರ್ಮಾನವಾಗಿತ್ತು.

ತೊಂದರೆಯಾದದ್ದು ಅದು ಒಳ್ಳೆಯದಾಗಿದ್ದರಿಂದಲೇ. 1948ರಲ್ಲಿ ಪ್ರೆಸ್ಟನ್ ಟಕರ್ ಎಂಬ ಸಾಹಸಿ ಸುಮಾರು ಐವತ್ತು ಕಾರುಗಳನ್ನು ತಯಾರಿಸಿದ. ಅವುಗಳ ಮೂತಿಯ ನಡುವೆ ಮೂರನೆಯ ಕಣ್ಣಿನಂತೆ ಒಂದು ದೀಪ. ಸ್ಟೀರಿಂಗನ್ನು ತಿರುಗಿಸಿದಾಗ ಅದೂ ತಿರುಗಿ ತಿರುವನ್ನು ಬೆಳಗುತ್ತಿತ್ತು. ಎರಡಕ್ಕಿಂತ ಹೆಚ್ಚು ಹೆಡ್‌ಲೈಟುಗಳನ್ನು ಒಪ್ಪದ ರಾಜ್ಯಗಳಿಗಾಗಿ ಅದಕ್ಕೊಂದು ಮುಚ್ಚಳವನ್ನೂ ಮಾಡಬೇಕಾಯಿತು. ಮುಕ್ಕಣ್ಣನ ಹಣೆಗಣ್ಣಿಗೆ ರಾಜ್ಯದ ಗಡಿಯಲ್ಲಿ ಮುಚ್ಚಳ! ನಾಲ್ಕು ದೀಪಗಳಿಗೆ ದೇಶಾದ್ಯಂತ ಅನುಮತಿ ದೊರೆತದ್ದು 1958ರ ಹೊತ್ತಿಗೆ. 1966ರಲ್ಲಿ ವಾಹನ ಸುರಕ್ಷತೆಯ ಕೇಂದ್ರ ಕಾಯಿದೆ ಬಂದು, ಅದರಡಿ 108ನೆಯ ಮಾನಕವು 1967ರಲ್ಲಿ ರೂಪುಗೊಂಡು ಮರುವರ್ಷದಿಂದ ಹಂತಹಂತವಾಗಿ ಜಾರಿಯಾದಾಗ, ಸೀಲ್ಡ್ ಬೀಮ್ ದೀಪವು ರಾಷ್ಟ್ರದ ಶಾಸನವಾಗಿ ಕಲ್ಲಿನಲ್ಲಿ ಕೆತ್ತಿದಂತಾಯಿತು. ಅದೇ 1967ರಲ್ಲಿ ಫ್ರಾನ್ಸಿನ ಸಿಟ್ರೊಯೆನ್ ಕಂಪನಿ ತನ್ನ ಪ್ರಸಿದ್ಧ 'ಡಿ.ಎಸ್.' ಕಾರಿಗೆ ಗಾಜಿನ ಮುಸುಕಿನ ಹಿಂದೆ ತಿರುಗುವ ದೀಪಗಳನ್ನು ಅಳವಡಿಸಿತು. ಸ್ಟೀರಿಂಗಿಗೆ ತಂತಿಯಿಂದ ಜೋಡಿಸಿದ ಆ ದೀಪಗಳು ಚಾಲಕನಿಗಿಂತ ಮೊದಲೇ ತಿರುವಿನೊಳಗೆ ಇಣುಕುತ್ತಿದ್ದವು. ಅಮೆರಿಕಕ್ಕೆ ಬಂದ ಅದೇ ಕಾರಿಗೆ ಮುಸುಕೂ ಇಲ್ಲ, ತಿರುಗುವಿಕೆಯೂ ಇಲ್ಲ. ಸಾಗರ ದಾಟುವಾಗ ಕಾರಿನ ಒಂದು ಶಕ್ತಿಯನ್ನು ಕಳಚಿಡುವ ಪದ್ಧತಿ ತಂತ್ರಾಂಶದ ಕಾಲಕ್ಕಿಂತ ಎಷ್ಟೋ ಹಳೆಯದು.

ಯೂರೋಪು ಹಿಡಿದ ದಾರಿ ಬೇರೆ. 1958ರಲ್ಲಿ ಜಿನೀವಾದಲ್ಲಿ ಆದ ಒಪ್ಪಂದದಂತೆ, ಒಂದು ದೇಶದ ಸರಕಾರ ಪರೀಕ್ಷಿಸಿ ಮೊಹರು ಹಾಕಿದ ದೀಪವನ್ನು ಒಪ್ಪಂದಕ್ಕೆ ಸೇರಿದ ಉಳಿದ ದೇಶಗಳು ಒಪ್ಪಿಕೊಳ್ಳುತ್ತವೆ. ಅಮೆರಿಕ ಅದಕ್ಕೆ ಸೇರಲಿಲ್ಲ. ಇಲ್ಲಿ ಸರಕಾರ ಮುಂಚಿತವಾಗಿ ಮೊಹರು ಹಾಕುವುದಿಲ್ಲ; ಮಾನಕಕ್ಕೆ ಅನುಗುಣವಾಗಿದೆಯೆಂದು ತಯಾರಕನೇ ಪ್ರಮಾಣ ಮಾಡಬೇಕು, ಸುಳ್ಳಾದರೆ ದಂಡ ತೆರಬೇಕು. ಆದ್ದರಿಂದ ಇಲ್ಲಿ ಮಾನಕದ ಮಾತುಗಳಿಗೆ ಅಕ್ಷರಶಃ ಬೆಲೆ. ಬೆಳಕಿನ ಪ್ರಮಾಣದಲ್ಲೂ ವ್ಯತ್ಯಾಸವಿದೆ: ಬ್ರೈಟ್ ಹಾಕಿದಾಗ ಒಂದು ಕಾರಿನ ದೀಪಗಳೆಲ್ಲ ಸೇರಿ ಯೂರೋಪಿನಲ್ಲಿ 4,30,000 ಕ್ಯಾಂಡೆಲಾವರೆಗೆ ಹೋಗಬಹುದು, ಅಮೆರಿಕದಲ್ಲಿ 1,50,000, ಅದೂ 1978ರಲ್ಲಿ ಇಮ್ಮಡಿಯಾದ ಮೇಲೆ.

ಈ ನಡುವೆ, ಯಂತ್ರವೇ ದೀಪವನ್ನು ಡಿಮ್ ಮಾಡಲಿ ಎಂಬ ಕನಸು ಮೊದಲು ಹುಟ್ಟಿದ್ದು ಜರ್ಮನಿಯಲ್ಲಿ ಅಲ್ಲ, ನಾನಿರುವ ಈ ಅಮೆರಿಕದಲ್ಲೇ ಎಂಬುದನ್ನು ನೆನೆಯಬೇಕು. 1952ರಲ್ಲಿ ಜನರಲ್ ಮೋಟಾರ್ಸ್ ಕಂಪನಿ ತನ್ನ ಕ್ಯಾಡಿಲ್ಯಾಕ್ ಮತ್ತು ಓಲ್ಡ್ಸ್‌ಮೊಬಿಲ್ ಕಾರುಗಳಿಗೆ 'ಆಟ್ರಾನಿಕ್ ಐ' ಎಂಬ ಸಾಧನವನ್ನು ಕೊಟ್ಟಿತು. ಡ್ಯಾಷ್‌ಬೋರ್ಡಿನ ಮೇಲೆ ಪುಟ್ಟ ಫಿರಂಗಿಯಂತೆ ಕೂತ ಒಂದು ದ್ಯುತಿ ನಳಿಕೆ. ಎದುರಿನ ಬೆಳಕು ಅದರ ಕಣ್ಣಿಗೆ ಬಿದ್ದರೆ ಒಳಗಿನ ವ್ಯಾಕ್ಯೂಮ್ ಟ್ಯೂಬುಗಳು ರಿಲೇಯನ್ನು ಎಳೆದು ದೀಪವನ್ನು ತಗ್ಗಿಸುತ್ತಿದ್ದವು. ಅದಕ್ಕೆ ಬೆಳಕು ಮಾತ್ರ ಗೊತ್ತು, ವಾಹನ ಗೊತ್ತಿಲ್ಲ. ಬೀದಿದೀಪವಾದರೂ ಸರಿ, ಅಂಗಡಿಯ ಫಲಕವಾದರೂ ಸರಿ, ಅದು ತಲೆ ಬಾಗಿಸುತ್ತಿತ್ತು. ನೋಡುವ ಕಣ್ಣಿಗೂ ಗುರುತಿಸುವ ಕಣ್ಣಿಗೂ ಇರುವ ಅಂತರವನ್ನು ದಾಟಲು ಆಮೇಲೆ ಅರ್ಧ ಶತಮಾನ ಬೇಕಾಯಿತು.

ಸೀಲ್ಡ್ ಬೀಮಿನ ಏಕಾಧಿಪತ್ಯ ಮುಗಿದದ್ದು 1983ರಲ್ಲಿ. ಬಲ್ಬನ್ನು ಬೇರೆಯಾಗಿ ಬದಲಿಸಬಲ್ಲ, ಕಾರಿನ ಆಕಾರಕ್ಕೆ ಹೊಂದುವ ದೀಪಗಳಿಗೆ ಅವಕಾಶ ಬೇಕೆಂದು ಫೋರ್ಡ್ ಕಂಪನಿ ಸಲ್ಲಿಸಿದ್ದ ಅರ್ಜಿಯನ್ನು ಸರಕಾರ ಪುರಸ್ಕರಿಸಿತು. 1984ರ ಲಿಂಕನ್ ಮಾರ್ಕ್ 7 ಅಂಥ ದೀಪವನ್ನು ಹೊತ್ತ ಮೊದಲ ಅಮೆರಿಕನ್ ಕಾರು. ಗಾಜಿನ ಬದಲು ಪ್ಲಾಸ್ಟಿಕ್ ಬಂತು. ಹದಿನೈದು ವರ್ಷ ಹಳೆಯ ಕ್ಯಾಮ್ರಿಯ ಹಳದಿಗಟ್ಟಿದ ದೀಪಕ್ಕೆ ಟೂತ್‌ಪೇಸ್ಟ್ ತಿಕ್ಕಿ ಬೆವರು ಹರಿಸಿದ ಬಂಧುಗಳು, ಹಳೆಯ ಗಾಜಿನ ಪಕ್ಷದವರ ವಾದದಲ್ಲಿ ಸ್ವಲ್ಪ ಹುರುಳಿತ್ತೆಂದು ಒಪ್ಪುವರೆಂದು ನನ್ನ ನಂಬಿಕೆ. ಆದರೆ ಈ ಸುಧಾರಣೆಯಲ್ಲೂ ಒಂದು ಮೂಲ ಕಲ್ಪನೆ ಅಲುಗಾಡಲಿಲ್ಲ. ಮಾನಕದ ದೃಷ್ಟಿಯಲ್ಲಿ ಬೆಳಕು ಎರಡೇ ಬಗೆ: ಮೇಲಿನದು, ಕೆಳಗಿನದು. ದೀಪ ಇದಾಗಿರಬೇಕು, ಇಲ್ಲವೇ ಅದಾಗಿರಬೇಕು.

ಎಲ್.ಇ.ಡಿ. ದೀಪವು ಈ ಇಬ್ಬಗೆಯ ಲೋಕವನ್ನು ಕೆಡವಿತು. 2013ರಲ್ಲಿ ಔಡಿ ಕಂಪನಿ ತನ್ನ ಎ-8 ಕಾರಿನಲ್ಲಿ ತಂದ 'ಮ್ಯಾಟ್ರಿಕ್ಸ್' ದೀಪದಲ್ಲಿ ದೂರದ ಬೆಳಕಿಗೆಂದೇ ಒಂದೊಂದು ಬದಿಗೆ 25 ಎಲ್.ಇ.ಡಿ.ಗಳಿದ್ದವು, ಪ್ರತಿಯೊಂದನ್ನೂ ಬೇರೆಬೇರೆಯಾಗಿ ಆರಿಸಬಹುದು, ಮಂದಗೊಳಿಸಬಹುದು. ಮುಂಗಾಜಿನ ಹಿಂದಿನ ಕ್ಯಾಮೆರಾ ಎದುರಿನ ಹೆಡ್‌ಲೈಟುಗಳನ್ನೂ ಮುಂದೆ ಹೋಗುವವರ ಕೆಂಪು ಹಿಂದೀಪಗಳನ್ನೂ ಗುರುತಿಸಿ, ಅವು ಯಾವ ಕೋನದಲ್ಲಿವೆಯೆಂದು ಲೆಕ್ಕ ಹಾಕುತ್ತದೆ. ಗಣಕವು ಆ ಕೋನಕ್ಕೆ ಬೆಳಕು ಚೆಲ್ಲುವ ಎಲ್.ಇ.ಡಿ.ಗಳನ್ನು ಮಾತ್ರ ಆರಿಸುತ್ತದೆ. ವಾಹನ ಸರಿದಂತೆ ಕತ್ತಲೆಯ ಕಿಟಕಿಯೂ ಸರಿಯುತ್ತದೆ. ಚಾಲಕನಿಗೆ ಬ್ರೈಟ್, ಎದುರಿನವನಿಗೆ ಡಿಮ್, ಏಕಕಾಲದಲ್ಲಿ. ಅಮೆರಿಕದ ವಾಹನ ಚಾಲಕರ ಸಂಘವಾದ 'ಎ.ಎ.ಎ.' 2019ರಲ್ಲಿ ಪ್ರಕಟಿಸಿದ ಪರೀಕ್ಷೆಯ ಪ್ರಕಾರ, ಎದುರಿಗೆ ವಾಹನವಿದ್ದಾಗ ಇಂಥ ಯೂರೋಪಿಯನ್ ದೀಪವು ಅಮೆರಿಕದ ಡಿಮ್ ದೀಪಕ್ಕಿಂತ ಶೇಕಡಾ 86ರವರೆಗೆ ಹೆಚ್ಚು ಬೆಳಕನ್ನು ರಸ್ತೆಗೆ ಕೊಡುತ್ತದೆ.

ಆದರೆ ಇದು ಮೇಲಿನ ಬೆಳಕೋ ಕೆಳಗಿನದೋ? ಎರಡೂ ಅಲ್ಲ, ಆದ್ದರಿಂದ 108ನೆಯ ಮಾನಕದ ಕಣ್ಣಿಗೆ ಅದು ದೀಪವೇ ಅಲ್ಲ. 2013ರಲ್ಲೇ ಟೊಯೋಟಾ ಕಂಪನಿ ಮಾನಕವನ್ನು ತಿದ್ದಬೇಕೆಂದು ಅರ್ಜಿ ಸಲ್ಲಿಸಿತು. ಸರಕಾರ ಕರಡು ನಿಯಮವನ್ನು ಹೊರಡಿಸಿದ್ದು 2018ರ ಅಕ್ಟೋಬರಿನಲ್ಲಿ. ಆಮೇಲೂ ಕಡತ ಮಲಗಿತು. 2021ರ ನವೆಂಬರಿನಲ್ಲಿ ಅಧ್ಯಕ್ಷರ ಸಹಿ ಬಿದ್ದ ಮೂಲಸೌಕರ್ಯ ಕಾಯಿದೆಯಲ್ಲಿ, ರಸ್ತೆ ಸೇತುವೆಗಳ ನಡುವೆ, ಈ ನಿಯಮವನ್ನು ಎರಡು ವರ್ಷದೊಳಗೆ ಮುಗಿಸಬೇಕೆಂಬ ಒಂದು ಆದೇಶವನ್ನೂ ಸಂಸತ್ತು ಸೇರಿಸಿತು. 2022ರ ಫೆಬ್ರುವರಿಯಲ್ಲಿ ಅಂತಿಮ ನಿಯಮ ಹೊರಬಂದಿತು. ಒಂದು ಅರ್ಜಿಗೆ ಒಂಬತ್ತು ವರ್ಷ. ಎದುರಿನವನ ಕಣ್ಣನ್ನು ಕಾಯುವ ಎಚ್ಚರಿಕೆ ನ್ಯಾಯವಾದುದೇ. ಆದರೆ ಆ ಎಚ್ಚರಿಕೆಗೆ ಒಂಬತ್ತು ವರ್ಷ ಬೇಕಿತ್ತೆಂದು ನಾನು ಒಪ್ಪಲಾರೆ. ಅಮೆರಿಕದ ರಸ್ತೆಗಳಲ್ಲಿ 2022ರೊಂದರಲ್ಲೇ 7,500ಕ್ಕೂ ಹೆಚ್ಚು ಪಾದಚಾರಿಗಳು ಸತ್ತರು. ಹಾಗೆ ಸಾಯುವವರಲ್ಲಿ ಸುಮಾರು ಮುಕ್ಕಾಲು ಪಾಲು ಸಾಯುವುದು ಕತ್ತಲೆಯಲ್ಲಿ. ಸಂಜೆಯೂಟದ ಮೇಲೆ ನಾಲ್ಕು ಹೆಜ್ಜೆ ನಡೆದು ಬರುವ ಅಭ್ಯಾಸವನ್ನು ಊರಿನಿಂದ ಬಂದ ನಮ್ಮ ತಂದೆತಾಯಂದಿರು ಇಲ್ಲಿಯೂ ಬಿಡುವುದಿಲ್ಲ. ಕಾಲುದಾರಿಯಿಲ್ಲದ ಉಪನಗರದ ರಸ್ತೆಯಲ್ಲಿ, ಕಂದು ಶಾಲು ಹೊದ್ದು ನಡೆಯುವ ಅವರನ್ನು ನೆನೆದಾಗ ಈ ಅಂಕಿಗಳು ನನಗೆ ಬರಿಯ ಅಂಕಿಗಳಾಗಿ ತೋರುವುದಿಲ್ಲ.

ಆ ಒಂಬತ್ತು ವರ್ಷಗಳಲ್ಲಿ ಒಂದು ವಿಚಿತ್ರ ಪರಿಸ್ಥಿತಿ ಬೆಳೆಯಿತು. ಎರಡು ಬಗೆಯ ದೀಪಗಳನ್ನು ತಯಾರಿಸುವುದಕ್ಕಿಂತ ಒಂದೇ ಬಗೆಯದನ್ನು ತಯಾರಿಸಿ, ಬೇಡದ ದೇಶದಲ್ಲಿ ಅದರ ಕೆಲಸವನ್ನು ತಂತ್ರಾಂಶದಿಂದ ನಿಲ್ಲಿಸುವುದು ಅಗ್ಗ. ಹೀಗೆ ಕೆಲವು ಮಾದರಿಗಳು ದೀಪವೂ ಕ್ಯಾಮೆರಾವೂ ಸಹಿತವಾಗಿ ಅಮೆರಿಕಕ್ಕೆ ಬಂದವು. ಇಲ್ಲಿ ಔಡಿ ತನ್ನ ದೀಪಗಳನ್ನು 'ಮ್ಯಾಟ್ರಿಕ್ಸ್ ವಿನ್ಯಾಸ'ದವು ಎಂದು ಕರೆದು ಮಾರಿತು; ವಿನ್ಯಾಸ ಮಾತ್ರ, ಕೆಲಸ ಇಲ್ಲ.

ಬೀಗ ಎಲ್ಲಿದೆ ಎಂಬುದನ್ನು ತಿಳಿಯಲು ಕಾರಿನ ನರಮಂಡಲವನ್ನು ಸ್ವಲ್ಪ ಅರಿಯಬೇಕು. 1986ರಲ್ಲಿ ಬಾಷ್ ಕಂಪನಿ ಡೆಟ್ರಾಯಿಟ್ ನಗರದ ಒಂದು ತಾಂತ್ರಿಕ ಸಭೆಯಲ್ಲಿ 'ಕ್ಯಾನ್' ಎಂಬ ಸಂಪರ್ಕ ವ್ಯವಸ್ಥೆಯನ್ನು ಮಂಡಿಸಿತು. ನಮ್ಮ ಆಡುಗೋಡಿಯ ಮೈಕೋ ಕಾರ್ಖಾನೆಯ ಮೂಲಪುರುಷ ಅದೇ ಬಾಷ್. ಅಲ್ಲಿಯವರೆಗೆ ಒಂದೊಂದು ಸ್ವಿಚ್ಚಿಗೆ ಒಂದೊಂದು ತಂತಿಯಿದ್ದ ಕಾರಿನಲ್ಲಿ, ಒಂದು ಜೋಡಿ ತಂತಿಯ ಮೇಲೆ ಹತ್ತಾರು ಪುಟ್ಟ ಗಣಕಗಳು ಪರಸ್ಪರ ಮಾತನಾಡತೊಡಗಿದವು. ದೀಪಕ್ಕೊಂದು ಗಣಕ, ಕ್ಯಾಮೆರಾಕ್ಕೊಂದು, ಬಾಗಿಲಿಗೊಂದು. 1996ರಿಂದ ಅಮೆರಿಕದ ಪ್ರತಿ ಕಾರಿನಲ್ಲೂ ಸ್ಟೀರಿಂಗಿನ ಕೆಳಗೆ, ಮೂಲತಃ ಹೊಗೆಯ ತಪಾಸಣೆಗಾಗಿ, ಒಂದು ಏಕರೂಪದ ಕಿಂಡಿ ಕಡ್ಡಾಯವಾಯಿತು. ಆ ಕಿಂಡಿಯ ಮೂಲಕ ಈ ಗಣಕಗಳೆಲ್ಲದರ ಮನೆಬಾಗಿಲು ತಟ್ಟಬಹುದು. ಪ್ರತಿ ಗಣಕದಲ್ಲೂ ಈ ಕಾರು ಯಾವ ದೇಶದ್ದು, ಏನೇನು ಅಳವಡಿಸಲಾಗಿದೆ, ಏನೇನು ನಡೆಯಬೇಕು ಎಂಬ ಅಂಕಿಗಳ ಒಂದು ಸಾಲು ಇರುತ್ತದೆ. ಫೋಕ್ಸ್‌ವ್ಯಾಗನ್ ಬಳಗದ ಕಾರುಗಳಲ್ಲಿ ಅದು ಸೊನ್ನೆ ಒಂದುಗಳ ಉದ್ದನೆಯ ಮಾಲೆ. ಬಿ.ಎಂ.ಡಬ್ಲ್ಯೂ. ಕಾರುಗಳಲ್ಲಿ ಅದನ್ನು ಪದಗಳಾಗಿ ತೆರೆದು ಓದಬಹುದು. ಅಟ್ಲಾಂಟಾದ ಗ್ಯಾರೇಜಿನಲ್ಲಿ ನಿಂತ ಕಾರಿನ ಹೊಟ್ಟೆಯಲ್ಲಿ 'ನಿಖ್ಟ್ ಆಕ್ಟಿವ್', ಎಂದರೆ 'ಜಾಗೃತವಲ್ಲ', ಎಂಬ ಜರ್ಮನ್ ಮಾತು ಕುಳಿತಿರುತ್ತದೆ. ಮೊದಲ ಪದವನ್ನು ತೆಗೆದರೆ ದೀಪ ಎಚ್ಚರಗೊಳ್ಳುತ್ತದೆ. ಕೆಲಸ ಯಾವಾಗಲೂ ಅಷ್ಟು ಸಲೀಸಲ್ಲ. ದೀಪದ ಗಣಕ ಒಪ್ಪಿದರೂ ಕ್ಯಾಮೆರಾ ಒಪ್ಪದೆ ದೋಷದ ಸೂಚನೆ ಹೊತ್ತಿಸಬಹುದು. ಕೆಲವು ಕಾರುಗಳಲ್ಲಿ ತಂತ್ರಾಂಶ ಬದಲಿಸಿ ಪ್ರಯೋಜನವಿಲ್ಲ, ದೀಪವೇ ಬೇರೆ. ಜರ್ಮನ್ ಕಂಪನಿಗಳ ತಂತ್ರಾಂಶದಲ್ಲಿ ಇಂದು ಒಂದು ಪಾಲು ತಯಾರಾಗುವುದು ಬೆಂಗಳೂರಿನಲ್ಲಿ. ಮರ್ಸಿಡಿಸ್ ಬೆಂಜಿನ ಸಂಶೋಧನಾ ಕೇಂದ್ರ ಅಲ್ಲಿಗೆ ಬಂದದ್ದು 1996ರಲ್ಲಿ. ಬೀಗ ಮಾಡುವವರಲ್ಲೂ ಬೀಗ ತೆಗೆಯುವವರಲ್ಲೂ ನಮ್ಮವರು ಇದ್ದಾರೆಂದು ಹೇಳಿದರೆ ಯಾರೂ ಹುಬ್ಬೇರಿಸಬೇಕಾಗಿಲ್ಲ.

ನಮ್ಮ ಕನ್ನಡ ಕೂಟದ ತರುಣ ಮಿತ್ರರೊಬ್ಬರು ತಮ್ಮ ಕಾರನ್ನು ಹೀಗೆ ಎಚ್ಚರಗೊಳಿಸಿ, ಒಂದು ಅಕ್ಟೋಬರ್ ರಾತ್ರಿ ನನ್ನನ್ನು ಉತ್ತರ ಮಿಷಿಗನ್ನಿನ ಕಾಡುದಾರಿಯಲ್ಲಿ ಕರೆದೊಯ್ದರು. "ನೋಡ್ತಾ ಇರಿ ಸಾರ್, ಈಗ ಲಾರಿ ಬರತ್ತೆ" ಎಂದರು. ಬಂದಿತು. ಇಬ್ಬದಿಯ ಪೈನ್ ಮರಗಳು ತುದಿಯವರೆಗೆ ಬೆಳ್ಳಗೆ ಹೊಳೆಯುತ್ತಲೇ ಇದ್ದವು. ಲಾರಿ ಮಾತ್ರ ತನ್ನದೇ ಆದ ಒಂದು ಕತ್ತಲೆಯ ಗವಿಯೊಳಗೆ ಕುಳಿತು ನಮ್ಮತ್ತ ಜಾರಿ, ಪಕ್ಕದಲ್ಲಿ ಹಾದುಹೋಯಿತು. ಅದರ ಹಿಂದೆಯೇ ಬಲಬದಿಯ ಹುಲ್ಲಿನಲ್ಲಿ ಎರಡು ಹಸಿರು ಕಣ್ಣುಗಳು ಹೊಳೆದವು, ಜಿಂಕೆ. ಡಿಮ್ ಬೆಳಕಿನಲ್ಲಿ ಅದು ನಮಗೆ ಕಾಣುತ್ತಿರಲಿಲ್ಲ. ಅನಂತರ ಹೆದ್ದಾರಿಗೆ ಬಂದೆವು. ನಡುವೆ ಕಾಂಕ್ರೀಟ್ ಗೋಡೆ. ಆ ಬದಿಯಿಂದ ಬರುತ್ತಿದ್ದ ದೊಡ್ಡ ಟ್ರಕ್ಕಿನ ಹೆಡ್‌ಲೈಟುಗಳನ್ನು ಗೋಡೆ ಮರೆಮಾಡಿತ್ತು. ಎತ್ತರದಲ್ಲಿ ಕುಳಿತ ಚಾಲಕನ ಕಣ್ಣುಗಳನ್ನು ಮರೆಮಾಡಿರಲಿಲ್ಲ. ಕ್ಯಾಮೆರಾಕ್ಕೆ ದೀಪ ಕಾಣಲಿಲ್ಲ, ಆದ್ದರಿಂದ ಮನುಷ್ಯನೂ ಕಾಣಲಿಲ್ಲ. ಅವನು ತನ್ನ ಬ್ರೈಟನ್ನು ಎರಡು ಸಲ ಮಿಂಚಿಸಿದ. ಮಿತ್ರರು ಮಾತಿಲ್ಲದೆ ಸ್ಟೀರಿಂಗಿನ ಪಕ್ಕದ ಸನ್ನೆಯನ್ನು ಎಳೆದು ದೀಪವನ್ನು ಡಿಮ್ ಮಾಡಿದರು.

ಹಾಗಾದರೆ ಇದು ಅಪರಾಧವೇ? ಉತ್ತರ ಜಟಿಲವಾಗಿದೆ, ಚರಿತ್ರೆಯೂ ಸ್ವಾರಸ್ಯವಾಗಿದೆ. ಸುರಕ್ಷತಾ ಸಾಧನಗಳನ್ನು ನಿಷ್ಕ್ರಿಯಗೊಳಿಸಬಾರದೆಂಬ ಕೇಂದ್ರ ಕಾಯಿದೆಯು ತಯಾರಕರಿಗೆ, ಮಾರಾಟಗಾರರಿಗೆ, ದುರಸ್ತಿ ಅಂಗಡಿಗಳಿಗೆ ಅನ್ವಯಿಸುತ್ತದೆಯೇ ಹೊರತು ತನ್ನ ಕಾರನ್ನು ತಾನೇ ಬದಲಿಸುವ ಒಡೆಯನಿಗಲ್ಲ. ಒಡೆಯನನ್ನು ಹಿಡಿಯಬಲ್ಲವು ರಾಜ್ಯಗಳ ನಿಯಮಗಳು. ಇನ್ನೊಂದು ಕಡೆಯಿಂದ ಬಂದದ್ದು ಕೃತಿಸ್ವಾಮ್ಯದ ಕಾನೂನು. ಹಾಡು ಮತ್ತು ಚಲನಚಿತ್ರಗಳ ಕಳ್ಳತನವನ್ನು ತಡೆಯಲೆಂದು 1998ರಲ್ಲಿ ಮಾಡಿದ ಕಾಯಿದೆಯೊಂದು, ತಂತ್ರಾಂಶಕ್ಕೆ ಹಾಕಿದ ಬೀಗವನ್ನು ಒಡೆಯುವುದನ್ನೇ ನಿಷೇಧಿಸಿತು; ಕಾರಿನೊಳಗಿನ ತಂತ್ರಾಂಶವೂ ಅದರ ಬಲೆಗೆ ಬಿತ್ತು. 2015ರಲ್ಲಿ, ಕಾರು ಟ್ರ್ಯಾಕ್ಟರುಗಳ ಒಡೆಯರಿಗೆ ವಿನಾಯಿತಿ ಕೊಡಬೇಕೆಂಬ ಬೇಡಿಕೆ ವಿಚಾರಣೆಗೆ ಬಂದಾಗ ಪರಿಸರ ಸಂರಕ್ಷಣಾ ಇಲಾಖೆ ವಿರೋಧಿಸಿತು: ಜನ ಬೀಗ ತೆರೆದರೆ ಹೊಗೆಯ ನಿಯಂತ್ರಣವನ್ನು ಕೆಡಿಸುವರೆಂಬುದು ಅದರ ಅಂಜಿಕೆ. ಅದಾದ ಎರಡೇ ತಿಂಗಳಲ್ಲಿ, ಅದೇ ವರ್ಷದ ಸೆಪ್ಟೆಂಬರಿನಲ್ಲಿ, ಫೋಕ್ಸ್‌ವ್ಯಾಗನ್ ಕಂಪನಿಯೇ ಬೀಗದ ಮರೆಯಲ್ಲಿ ಪರೀಕ್ಷೆಯನ್ನು ವಂಚಿಸುವ ತಂತ್ರಾಂಶವನ್ನು ಇಟ್ಟಿದ್ದನ್ನು ಆ ಇಲಾಖೆಯೇ ಪ್ರಕಟಿಸಬೇಕಾಯಿತು. ಬೇಲಿಯೇ ಹೊಲ ಮೇಯ್ದ ಕಥೆ ಅದು. ಅಕ್ಟೋಬರಿನಲ್ಲಿ ವಿನಾಯಿತಿ ಮಂಜೂರಾಯಿತು, ಒಂದು ವರ್ಷ ತಡೆದು ಜಾರಿಯಾಯಿತು. ಆದರೆ ಅದು ದುರಸ್ತಿಗೆ ಮತ್ತು 'ಕಾನೂನುಸಮ್ಮತ' ಮಾರ್ಪಾಟಿಗೆ ಮಾತ್ರ. ಆ ಒಂದು ವಿಶೇಷಣವು ನಮ್ಮನ್ನು ಮತ್ತೆ 108ನೆಯ ಮಾನಕದ ಬಾಗಿಲಿಗೇ ತಂದು ನಿಲ್ಲಿಸುತ್ತದೆ.

ಹಣ ತೆತ್ತು ಕೊಂಡ ಪೆಟ್ಟಿಗೆಯನ್ನು ತೆರೆದು ನೋಡುವ ಹಕ್ಕು ಒಡೆಯನದೆಂದು ನಾನು ದೃಢವಾಗಿ ನಂಬುತ್ತೇನೆ. ಆದರೆ ಸೀಟಿನ ಬಿಸಿಯನ್ನೋ ಬಾಗಿಲಿನ ಸದ್ದನ್ನೋ ಬದಲಿಸಿಕೊಂಡಂತಲ್ಲ ಇದು. ಗಾಜನ್ನು ದಾಟಿದ ಬೆಳಕು ಎದುರಿನವನ ಕಣ್ಣಿಗೂ ಸೇರಿದ್ದು. ಕೋಡಿಂಗ್ ಮಾಡಿದವರಲ್ಲಿ ಬಹುಪಾಲು ಜನ ಹೆಚ್ಚು ಬೆಳಕಿಗಾಗಿಯಷ್ಟೇ ಅಲ್ಲ, ಎದುರಿನವರಿಗೆ ತೊಂದರೆಯಾಗದಿರಲೆಂದೂ ಮಾಡಿದವರು ಎಂಬುದನ್ನು ನಾನು ಬಲ್ಲೆ; ಆದರೂ ಗೋಡೆಯಾಚೆಯ ಟ್ರಕ್ಕಿನವನನ್ನು ಯಾರೂ ಕೇಳಿರಲಿಲ್ಲ.

ಬಾಗಿಲು ಈಗ ಮುಚ್ಚುತ್ತ ಬಂದಿದೆ. 2015ರ ಜುಲೈನಲ್ಲಿ ಇಬ್ಬರು ಸಂಶೋಧಕರು ಓಡುತ್ತಿದ್ದ ಒಂದು ಜೀಪ್ ಚೆರೋಕಿಯನ್ನು ದೂರದಿಂದಲೇ ಹತೋಟಿಗೆ ತೆಗೆದುಕೊಂಡು ತೋರಿಸಿದಾಗ 14 ಲಕ್ಷ ವಾಹನಗಳನ್ನು ದುರಸ್ತಿಗೆ ಹಿಂದಕ್ಕೆ ಕರೆಯಬೇಕಾಯಿತು. ಅಲ್ಲಿಂದಾಚೆಗೆ ಕಂಪನಿಗಳು ಕಿಂಡಿಗೆ ಕಾವಲು ಹಾಕಿದವು. ಹೊಸ ಫೋಕ್ಸ್‌ವ್ಯಾಗನ್ ಕಾರುಗಳಲ್ಲಿ ಹಲವು ಅಂಕಿಗಳನ್ನು ಬದಲಿಸಲು ಕಂಪನಿಯ ಗಣಕದಿಂದಲೇ ಪರವಾನಗಿ ಪಡೆಯಬೇಕು. ಯೂರೋಪಿನಲ್ಲಿ 2024ರ ಜುಲೈನಿಂದ ಎಲ್ಲ ಹೊಸ ಕಾರುಗಳಿಗೂ ಗಣಕ ಸುರಕ್ಷತೆಯ ನಿಯಮ ಕಡ್ಡಾಯವಾಗಿದೆ. ಕಳ್ಳನಿಗೆ ಹಾಕಿದ ಅಗುಳಿ ಮನೆಯೊಡೆಯನಿಗೂ ಬಿದ್ದಿದೆ.

ಇನ್ನು 2022ರ ನಿಯಮ. ಯೂರೋಪಿನ ನಿಯಮವನ್ನು ಹಾಗೆಯೇ ಎತ್ತಿಕೊಂಡಿದ್ದರೆ ಮಲಗಿದ ದೀಪಗಳೆಲ್ಲ ಒಂದೇ ರಾತ್ರಿಯಲ್ಲಿ ಎದ್ದು ಕೂರುತ್ತಿದ್ದವೇನೋ. ಹಾಗಾಗಲಿಲ್ಲ. ಅಮೆರಿಕ ತನ್ನದೇ ಅಳತೆಗೋಲನ್ನು ಮಾಡಿಕೊಂಡಿತು. ಕಾರನ್ನು ನಿಜವಾದ ಹಾದಿಯಲ್ಲಿ ಓಡಿಸಿ, ಎದುರಿನ ಚಾಲಕನ ಕಣ್ಣಿರುವ ಜಾಗದಲ್ಲಿ ಮಾಪಕವನ್ನಿಟ್ಟು ಅಳೆಯಬೇಕು. 60ರಿಂದ 120 ಮೀಟರ್ ದೂರದಲ್ಲಿ ಬೀಳುವ ಬೆಳಕು ಸುಮಾರು 0.6 ಲಕ್ಸ್ ಮೀರಕೂಡದು. 120ರಿಂದ 220 ಮೀಟರಿನಲ್ಲಿ ಸುಮಾರು 0.3 ಲಕ್ಸ್. ಹುಣ್ಣಿಮೆಯ ಬೆಳದಿಂಗಳೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಎದುರಿನವನಿಗೆ ಬೆಳದಿಂಗಳಿಗಿಂತ ಹೆಚ್ಚಿನದನ್ನು ಕೊಡಬೇಡ ಎಂದಂತಾಯಿತು. ಅಳತೆಯೇನೋ ಸುಂದರವಾಗಿದೆ, ಆದರೆ ಯೂರೋಪಿಗೆಂದು ಕಟ್ಟಿದ ದೀಪಗಳು ಈ ಪರೀಕ್ಷೆಯಲ್ಲಿ ತಾವಾಗಿಯೇ ಉತ್ತೀರ್ಣವಾಗುವುದಿಲ್ಲ. ಹೆಚ್ಚು ಸಣ್ಣ ತುಂಡುಗಳಾಗಿ ಬೆಳಕನ್ನು ಕತ್ತರಿಸಬಲ್ಲ ಹೊಸ ದೀಪಗಳು ಬೇಕಾದವು. ನಿಯಮವು ಅನುಮತಿಯೇ ಹೊರತು ಆಜ್ಞೆಯಲ್ಲವಾದ್ದರಿಂದ ಯಾರಿಗೂ ಅವಸರವಿರಲಿಲ್ಲ. ಈ ಅಳತೆಗೆ ಹೊಂದುವ ದೀಪಗಳೊಂದಿಗೆ ಮೊದಲು ಬಂದವುಗಳಲ್ಲಿ ಒಂದು, ಹಳೆಯ ಯಾವ ಕಂಪನಿಯೂ ಅಲ್ಲದ, ರಿವಿಯನ್ ಎಂಬ ಹೊಸಬರ ವಿದ್ಯುತ್ ವಾಹನ, ಅದೂ 2024ರಲ್ಲಿ. 2013ರಿಂದಾಚೆಗೆ ಮಾರಾಟವಾಗಿ, ದೀಪವಿದ್ದೂ ಬೆಳಗದ ಕಾರುಗಳ ಬಗ್ಗೆ ಹೊಸ ನಿಯಮ ಏನನ್ನೂ ಹೇಳುವುದಿಲ್ಲ. ತಯಾರಕರು ಮರಳಿ ಪರೀಕ್ಷೆಗೊಡ್ಡಿ ಪ್ರಮಾಣ ಮಾಡದ ಹೊರತು ಅವುಗಳಿಗೆ ಅಧಿಕೃತ ಬೀಗದ ಕೈ ಇಲ್ಲ. ಅವುಗಳಲ್ಲಿ ಮೊದಮೊದಲು ಬಂದವು ಹಳತಾಗಿ ಈಗಾಗಲೇ ಗುಜರಿ ಅಂಗಣಗಳನ್ನು ಸೇರತೊಡಗಿವೆ. ಬಿಚ್ಚಿ ಮಾರುವವರು ಅವುಗಳ ದೀಪಗಳನ್ನು ಮೊದಲು ಕಳಚಿ ತೆಗೆದಿಡುತ್ತಾರೆ.